ಕಾರ್ಡು, ಪಾಕೀಟು, ಸ್ಟೇಟಸ್ಸು

ವಾಟ್ಸಾಪಿನ ಸ್ಟೇಟಸ್ಸನ್ನು ಒಂದು ಸಾಹಿತ್ಯಪ್ರಕಾರವೆಂದು ಕರೆದರೆ ವಾಚಕರು ನಕ್ಕಾರು. ನಗಲಿ. ಬರೆಯುವವನೊಬ್ಬನಿದ್ದು, ಓದುವವನೊಬ್ಬನಿದ್ದು, ನಡುವೆ ನುಡಿಯೆಂಬುದೊಂದಿದ್ದರೆ ವಿಮರ್ಶಕನಿಗೆ ಅಲ್ಲಿ ಕೆಲಸವಿದ್ದೇ ಇರುತ್ತದೆ. ನಮ್ಮ ಯಮಕನಮರಡಿಯಂಥ ಊರಿನಲ್ಲಿ ವರ್ಷಕ್ಕೊಂದು ಕಥಾಸಂಗ್ರಹವನ್ನು ಕೊಂಡು ಓದುವವರು ಬೆರಳೆಣಿಕೆಯಷ್ಟು. ಆದರೆ ದಿನಕ್ಕೆ ಮೂರು ಹೊತ್ತು ನೆರೆಹೊರೆಯವರ ಬರಹವನ್ನು ಓದದ ಮನೆ ವಿರಳ. ಇಷ್ಟು ಓದುಗರನ್ನು ಪಡೆದ ಪ್ರಕಾರವನ್ನು ವಿಮರ್ಶೆ ಕಡೆಗಣಿಸುವುದು ಸೋಮಾರಿತನವೇ ಸರಿ.

ಅದರ ಲಕ್ಷಣಗಳನ್ನು ಮೊದಲು ನೋಡೋಣ. 2017ರಲ್ಲಿ ಈಗಿನ ರೂಪಕ್ಕೆ ಬಂದ ಸ್ಟೇಟಸ್ಸಿನ ಆಯುಷ್ಯ 24 ತಾಸು. ಯಾರು ನೋಡಿದರೆಂಬ ಯಾದಿ ಬರೆದವನ ಕೈಗೆ ಬರುತ್ತದೆ. ಯಾರಿಗೆ ಕಾಣಿಸಬಾರದೆಂಬುದನ್ನೂ ಅವನು ಮೊದಲೇ ಗೊತ್ತುಮಾಡಬಹುದು. ಪಂಪನಿಗೂ ಕುಮಾರವ್ಯಾಸನಿಗೂ ಇಲ್ಲದ ಸೌಕರ್ಯ ಇದು. ಓದುಗನಿಗೂ ಒಂದು ಉಪಾಯವುಂಟು. ಓದಿದ ಗುರುತು ಬೀಳದಂತೆ ಫೋನಿನಲ್ಲಿ ಏರ್ಪಾಡು ಮಾಡಿಕೊಂಡರೆ ಅವನ ಹೆಸರು ಆ ಯಾದಿಯಲ್ಲಿ ಬರುವುದಿಲ್ಲ. ಅದಕ್ಕೆ ಬೆಲೆಯಾಗಿ ತನ್ನ ಸ್ಟೇಟಸ್ಸನ್ನು ಯಾರು ನೋಡಿದರೆಂಬುದು ಅವನಿಗೂ ತಿಳಿಯದು. ಬಾಗಿಲ ಸಂದಿಯಿಂದ ಇಣುಕುವವರು ನಮ್ಮ ಓಣಿಯಲ್ಲಿ ಹಿಂದೆಯೂ ಇದ್ದರು. ಆದರೆ ಅವರು ಇಂಥ ಬೆಲೆಯನ್ನೇನೂ ತೆರುತ್ತಿರಲಿಲ್ಲ.

ಇನ್ನು ಸಂಬೋಧನೆಯ ವಿಚಾರ. ಅದೇ ಮನೆಯ ಅಡಿಗೆಮನೆಯಲ್ಲಿರುವ ಹೆಂಡತಿಗೆ ಪಡಸಾಲೆಯಲ್ಲಿ ಕುಳಿತ ಗಂಡ ಹುಟ್ಟುಹಬ್ಬದ ಶುಭಾಶಯವನ್ನು ಸ್ಟೇಟಸ್ಸಿನಲ್ಲಿ ಹೇಳುತ್ತಾನೆ. ತೀರಿಹೋದ ತಂದೆಗೆ ಮಗ ‘ಅಪ್ಪಾ, ನೀವು ಇರಬೇಕಾಗಿತ್ತು’ ಎಂದು ಬರೆಯುತ್ತಾನೆ. ತಂದೆಗೆ ಫೋನು ಎಲ್ಲಿಂದ ಬರಬೇಕು? ಸಂಸ್ಕೃತ ನಾಟಕಗಳಲ್ಲಿ ಜನಾಂತಿಕವೆಂಬುದೊಂದು ಉಂಟಲ್ಲವೆ? ಪಾತ್ರವೊಂದು ಇನ್ನೊಂದು ಪಾತ್ರಕ್ಕೆ ಗುಟ್ಟಾಗಿ ನುಡಿಯುತ್ತದೆ, ರಂಗದ ಮೇಲಿನ ಉಳಿದವರಿಗೆ ಕೇಳಿಸದು, ಆದರೆ ಕೇಳಲೆಂದೇ ಕುಳಿತ ಸಭೆಗೆ ಕೇಳಿಸುತ್ತದೆ. ಸ್ಟೇಟಸ್ಸು ಬಹುಮಟ್ಟಿಗೆ ಜನಾಂತಿಕವೇ. ಮಾತು ಒಬ್ಬರಿಗೆ, ಗುರಿ ಸಭೆಗೆ.

ನನ್ನ ಚಾಳಿಯನ್ನು ಮುಚ್ಚಿಡಲಾರೆ. ಮುಂಜಾನೆ ಚಹಾ ಬರುವ ಮೊದಲೇ ನಾನು ಆ ಯಾದಿಯನ್ನು ತೆಗೆಯುತ್ತೇನೆ. ನಿವೃತ್ತ ಮಾಸ್ತರನಿಗೆ ಹಾಜರಿ ಹಿಡಿಯುವ ರೂಢಿ ಬಿಟ್ಟಿಲ್ಲವೆಂದು ಮನೆಯಲ್ಲಿ ಚೇಷ್ಟೆ ಮಾಡುತ್ತಾರೆ. ಆದರೆ ಆ ಹಾಜರಿಯೇ ಬೇರೆ. ಅಲ್ಲಿ ಬಾರದ ಹುಡುಗನ ಬಗ್ಗೆ ಕಾಳಜಿಯಿತ್ತು. ಇಲ್ಲಿ ನೋಡದ ಗೆಳೆಯನ ಮೇಲೆ ಸಿಟ್ಟು ಬರುತ್ತದೆ. ಕವಿತೆ ಹಾಕಿದ ದಿನ ನಾಲ್ವತ್ತು ಹೆಸರು. ಮೊಮ್ಮಗಳ ಜಾವಳದ ಫೋಟೋ ಹಾಕಿದ ದಿನ ನೂರಿಪ್ಪತ್ತು. ಇಂಥ ಅಂಕಿಗಳು ಬರೆಯುವವನ ಕೈಯನ್ನು ತಿದ್ದದೆ ಬಿಡುತ್ತವೆಯೆ? ಕವಿತೆ ಕಡಿಮೆಯಾಯಿತು, ಮನೆ ಹೆಚ್ಚಾಯಿತು. ಮನೆಮಂದಿಯೆಲ್ಲ ತಿರುಪತಿಯಲ್ಲಿ ನಿಂತ ಫೋಟೋವನ್ನು ಅಲ್ಲಿಂದಲೇ ಹಾಕಿ, ಮನೆಗೆ ಕೀಲಿ ಬಿದ್ದಿದೆಯೆಂದು ಕಳ್ಳರಿಗೆ ವರ್ದಿ ಕೊಟ್ಟವರಲ್ಲಿ ನಾನೂ ಒಬ್ಬ. ಕಳ್ಳರು ಬರಲಿಲ್ಲ, ಅದು ಅವರ ದೊಡ್ಡತನ.

ನಮ್ಮ ಅವ್ವ ನಾಲ್ಕನೆಯ ಇಯತ್ತೆಯವರೆಗೆ ಕಲಿತವಳು. ನಾನು ಧಾರವಾಡದಲ್ಲಿ ಓದುತ್ತಿದ್ದಾಗ ಆಕೆಯಿಂದ ಎರಡು ಬಗೆಯ ಟಪಾಲು ಬರುತ್ತಿತ್ತು. ಕಾರ್ಡಿನಲ್ಲಿ ಮಳೆ, ಜೋಳ, ಎಮ್ಮೆ ಈದದ್ದು, ಎಲ್ಲರೂ ಕ್ಷೇಮವೆಂಬುದು. ಪಾಕೀಟಿನಲ್ಲಿ ಮನೆಯ ಮಾತು. ಕಾರ್ಡನ್ನು ಇಲ್ಲಿಯ ಪೋಸ್ಟಿನವನೂ ಓದುತ್ತಾನೆ, ಅಲ್ಲಿಯ ಕೋಣೆಯ ಹುಡುಗರೂ ಓದುತ್ತಾರೆ ಎಂಬುದನ್ನು ಆಕೆ ಅರಿತಿದ್ದಳು. ಅವರಿಗಾಗಿಯೇ ಒಂದೆರಡು ಮಾತನ್ನು ಚೆಂದಾಗಿ ಬರೆಯುತ್ತಿದ್ದಳೆಂದೂ ನನಗೆ ಗುಮಾನಿ. ಕೇಳುವವರನ್ನು ಅರಿತು ನುಡಿಯುವುದನ್ನು ನಾವು ಕ್ಷೇಮೇಂದ್ರನ ಔಚಿತ್ಯವಿಚಾರದಲ್ಲಿ ಓದಿ ಪರೀಕ್ಷೆ ಬರೆದೆವು. ಆಕೆ ಅದನ್ನು ಎರಡು ಬೆಲೆಯ ಎರಡು ಕಾಗದಗಳಲ್ಲಿ ನಡೆಸಿ ತೋರಿಸಿದಳು.

ಸ್ಟೇಟಸ್ಸಿನ ದೊಡ್ಡ ದೋಷ ಇಲ್ಲಿಯೇ ಇದೆಯೆಂದು ನನ್ನ ಅಭಿಪ್ರಾಯ. ಅದು ಕಾರ್ಡೂ ಅಲ್ಲ, ಪಾಕೀಟೂ ಅಲ್ಲ. ಪಾಕೀಟಿನ ಸಲಿಗೆಯಲ್ಲಿ ಬರೆಯಿಸಿಕೊಂಡು ಕಾರ್ಡಿನಂತೆ ಊರು ಸುತ್ತುತ್ತದೆ. ಹಾಸಿಗೆಯ ಮೇಲೆ ಒರಗಿ ಅಂಗೈಯಗಲದ ಗಾಜಿನ ಮೇಲೆ ಬೆರಳಾಡಿಸುವಾಗ ಎದುರಿಗೆ ಯಾರೂ ಕಾಣುವುದಿಲ್ಲ. ಕಾಣದ್ದರಿಂದ ಯಾರೂ ಇಲ್ಲವೆಂದೇ ಭಾವ. ಕಟ್ಟೆಯ ಮೇಲೆ ಕುಳಿತು ಮಾತಾಡುವವನು ಹಾಗಲ್ಲ. ಬೀಗರು ಬರುವುದನ್ನು ಕಂಡರೆ ಮಾತು ಹೊರಳಿಸುತ್ತಾನೆ. ಹುಡುಗರು ಸುಳಿದರೆ ದನಿ ತಗ್ಗಿಸುತ್ತಾನೆ.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಎರಡು ವರ್ಷದ ಹಿಂದೆ ಅವ್ವನ ಪುಣ್ಯತಿಥಿಯ ದಿನ ಹಳೆಯ ಟ್ರಂಕಿನಲ್ಲಿ ಆಕೆಯ ಪತ್ರವೊಂದು ಸಿಕ್ಕಿತು, ಪಾಕೀಟಿನ ಪತ್ರ. ಅಕ್ಷರ ಕಂಡು ಕಣ್ಣು ತುಂಬಿದವು. ಅದರ ಫೋಟೋ ಹಿಡಿದು, ಮೇಲೆ ನಾಲ್ಕು ಸಾಲು ಬರೆದು ಫೇಸ್‌ಬುಕ್ಕಿನಲ್ಲಿ ಹಾಕಿದೆ. ಇಂಥ ಕನ್ನಡ ಈಗೆಲ್ಲಿ ಎಂದರು ಕೆಲವರು. ಅಳು ಬಂತೆಂದರು ಹಲವರು. ಆ ಪತ್ರದ ನಡುವೆ ನನ್ನ ತಂಗಿಯ ಬಗ್ಗೆ ಎರಡು ಸಾಲುಗಳಿದ್ದವು. ಏನಿತ್ತೆಂಬುದನ್ನು ಇಲ್ಲಿ ಬರೆಯುವುದಿಲ್ಲ. ನಾನು ಅವನ್ನು ಓದಿದ್ದೆ, ಓದಿಯೂ ಹಾಕಿದೆ. ಅವ್ವನ ನುಡಿಯ ಸೊಗಸಿನಲ್ಲಿ ತಂಗಿ ನನಗೆ ಕಥೆಯೊಳಗಿನ ಒಂದು ಪಾತ್ರದಂತೆ ಕಂಡಿದ್ದಳೇ ಹೊರತು ತಂಗಿಯಾಗಿ ಕಂಡಿರಲಿಲ್ಲ.

ತಂಗಿಗೆ ಈಗ ಸೊಸೆ ಬಂದಿದ್ದಾಳೆ. ಆ ಮನೆಯಲ್ಲಿ ಪತ್ರವನ್ನು ಮೊದಲು ಓದಿದವಳು ಆ ಸೊಸೆ. ಸಂಜೆ ತಂಗಿಯ ಫೋನು ಬಂತು. ಜಗಳವಾಡಲಿಲ್ಲ. ‘ಅಣ್ಣಾ, ಆ ಪತ್ರಾ ಅವ್ವ ನಿನಗ ಬರದಿದ್ಲು. ಊರಿಗೆ ಬರದಿದ್ದಿಲ್ಲ’ ಎಂದಷ್ಟೆ ಹೇಳಿ ಇಟ್ಟಳು.

ಕೂಡಲೇ ಅಳಿಸಿದೆ. ಅಷ್ಟರಲ್ಲಿ ನನ್ನ ಸಾಹಿತ್ಯಮಿತ್ರರೊಬ್ಬರು, ನನ್ನ ಮೇಲಿನ ಪ್ರೀತಿಯಿಂದಲೇ, ಅದನ್ನು ತೆಗೆದಿಟ್ಟುಕೊಂಡು ಮೂರು ಗುಂಪುಗಳಿಗೆ ದಾಟಿಸಿದ್ದರು. ಅಲ್ಲಿಂದ ಎಲ್ಲೆಲ್ಲಿಗೆ ಹೋಯಿತೋ! ಕಳೆದ ದೀಪಾವಳಿಯಲ್ಲಿ ಬೆಳಗಾವಿಯ ಪರಿಚಿತರೊಬ್ಬರು ಅದನ್ನು ನನಗೇ ಕಳಿಸಿ, ‘ಯಾರ ತಾಯಿಯೋ, ಓದಿ ನೋಡ್ರಿ ಸರ್’ ಎಂದರು.

ಇಲ್ಲಿ ವಾಚಕರು ಒಂದು ಆಕ್ಷೇಪವನ್ನೆತ್ತಬಹುದು. ಕವಿಗಳು ಮನೆಯ ಮಾತನ್ನು ಬಯಲಿಗೆ ತಂದಿಲ್ಲವೆ? ಬೇಂದ್ರೆಯವರು 1937ರ ‘ಸಖೀಗೀತ’ದಲ್ಲಿ ತಮ್ಮ ದಾಂಪತ್ಯವನ್ನೇ ಕಾವ್ಯದ ವಸ್ತುವಾಗಿ ಮಾಡಿಕೊಂಡರಲ್ಲ? ಕೂಸನ್ನು ಕಳೆದುಕೊಂಡ ದುಃಖವನ್ನೂ ಹಾಡಿದರಲ್ಲ? ಆಕ್ಷೇಪ ಸರಿಯಾದದ್ದೇ, ಆದರೆ ಕೂಸಿನ ಆ ಕವಿತೆಯನ್ನು ಮತ್ತೊಮ್ಮೆ ತೆಗೆದು ಓದಬೇಕು. ಅದರಲ್ಲಿ ತೇದಿಯಿಲ್ಲ, ರೋಗದ ಹೆಸರಿಲ್ಲ, ಬಂದು ಹೋದವರ ಯಾದಿಯಿಲ್ಲ. ಹೆಂಡತಿಯ ನೋಟವನ್ನು ಎದುರಿಸಲಾರದೆ ನಿಂತ ಒಬ್ಬ ಗಂಡನಿದ್ದಾನೆ. ಬೇಂದ್ರೆಯವರ ಮನೆಯೆಂಬುದು ಕರಗಿಹೋಗಿ, ಕೂಸು ಕಳೆದುಕೊಂಡ ಯಾವ ಮನೆಯವರೂ ಒಳಗೆ ಬಂದು ಕೂಡ್ರಲು ಅಲ್ಲಿ ಎಡೆಯಾಗಿದೆ. ಸ್ಟೇಟಸ್ಸು ಮಾಡುವುದು ಇದಕ್ಕೆ ತೀರ ವಿರುದ್ಧ. ಹೆಸರು, ಮುಖ, ದವಾಖಾನೆಯ ಮಂಚ, ಸಲಾಯಿನ ಬಾಟಲಿ ಎಲ್ಲವನ್ನೂ ಅದು ಉಳಿಸಿಕೊಳ್ಳುತ್ತದೆ. ದುಃಖವೊಂದನ್ನು ಮಾತ್ರ ಕೈಮುಗಿದ ಹಳದಿ ಚಿತ್ರಕ್ಕೆ ಒಪ್ಪಿಸಿಬಿಡುತ್ತದೆ. ನಾನು ಅವ್ವನ ಪತ್ರಕ್ಕೆ ಮಾಡಿದ್ದೂ ಇದನ್ನೇ. ಆಕೆಯ ಕಕ್ಕುಲಾತಿಯನ್ನು ನನ್ನ ನುಡಿಯಲ್ಲಿ ಹೇಳುವ ಶಕ್ತಿ ಸಾಲದೆ ಕಾಗದವನ್ನೇ ಎತ್ತಿ ಹಿಡಿದೆ.

ಇನ್ನೊಂದು ಕೃತಿ ನಮ್ಮ ಜಿಲ್ಲೆಯದೇ, ‘ಸಂಗ್ಯಾ ಬಾಳ್ಯಾ’. ಬೈಲಹೊಂಗಲದ ಕಡೆ ನಿಜವಾಗಿ ನಡೆದ ಘಟನೆಯಿಂದ ಹುಟ್ಟಿತೆಂದು ಹೇಳುತ್ತ ಬಂದಿರುವ ಈ ಸಣ್ಣಾಟವನ್ನು ನಾನು ಚಿಕ್ಕಂದಿನಲ್ಲಿ ಜಾತ್ರೆಯ ಬಯಲಿನಲ್ಲಿ ಬೆಳತನಕ ಕುಳಿತು ನೋಡಿದ್ದೇನೆ. ನಮ್ಮ ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಅದನ್ನು ಸಂಪಾದಿಸಿ ಪೇಟೆಯ ಓದುಗರಿಗೂ ಮುಟ್ಟಿಸಿದರು. ‘ಗೆಳೆತನದಲ್ಲಿ ಘಾತ’ ಎಂಬುದು ಅದರ ಇನ್ನೊಂದು ಹೆಸರು. ಗಂಗಿಯ ಮೇಲೆ ಮನಸ್ಸಾದ ಗುಟ್ಟನ್ನು ಸಂಗ್ಯಾ ಗೆಳೆಯ ಬಾಳ್ಯಾನನ್ನು ನಂಬಿ ಹೇಳಿದ. ಕೊನೆಗೆ ವೈರಿಗಳ ಕೈಗೆ ಅವನನ್ನು ಒಪ್ಪಿಸಿದವನೂ ಬಾಳ್ಯಾನೇ. ಖಾಸಗಿತನದ ಬಗ್ಗೆ ಈಗ ನಡೆದಿರುವ ಚರ್ಚೆಯಲ್ಲಿ ಎಲ್ಲರ ಕಣ್ಣೂ ಅಮೇರಿಕೆಯ ಕಂಪನಿಯ ಮೇಲೆ, ಇಲ್ಲವೆ ಸರಕಾರದ ಮೇಲೆ. ಅದು ಬೇಡವೆಂದಲ್ಲ. ಆದರೆ ಗುಟ್ಟು ಹತ್ತಿರದವನ ಕೈಯಲ್ಲಿ ಒಡೆಯುತ್ತದೆಂಬುದು ಸಣ್ಣಾಟದ ಕವಿಗೆ ತಿಳಿದಿತ್ತು. ಕೇಡಿಗಾಗಿ ಒಪ್ಪಿಸಿದ ಬಾಳ್ಯಾ ಒಬ್ಬನಾದರೆ, ಪ್ರೀತಿಯಿಂದಲೇ ಸ್ಕ್ರೀನ್‌ಶಾಟ್ ತೆಗೆದು ದಾಟಿಸುವ ಬಾಳ್ಯಾಗಳು ನೂರು ಮಂದಿ. ತಂಗಿಯ ಮಟ್ಟಿಗೆ ನಾನೇ ಬಾಳ್ಯಾ.

ಸಂಗ್ಯಾನಿಗಾಗಿ ನಾವು ಅತ್ತೆವು, ಬಾಳ್ಯಾನನ್ನು ಬೈದೆವು. ಗಂಗಿಯ ಮನೆಯ ಮಾತು ಊರೂರು ಹಾಡಾಗಿ ತಿರುಗಿತಲ್ಲ, ಅದಕ್ಕೆ ಆಕೆಯ ಒಪ್ಪಿಗೆಯನ್ನು ಯಾರು ಕೇಳಿದರು ಎಂಬ ಪ್ರಶ್ನೆ ತಂಗಿಯ ಫೋನು ಬರುವವರೆಗೆ ನನಗೆ ಹೊಳೆದಿರಲಿಲ್ಲ. ಆಟ ದೊಡ್ಡದು, ಅದನ್ನು ಆಡಬಾರದೆಂದು ನಾನು ಹೇಳಲಾರೆ. ಜಾವಳದ ಫೋಟೋದಲ್ಲಿ ತಲೆ ಬೋಳಿಸಿಕೊಂಡು ಅಳುತ್ತಿರುವ ಮೊಮ್ಮಗಳಿಗೂ ಒಂದು ದಿನ ಇಪ್ಪತ್ತು ವರ್ಷವಾಗುತ್ತದೆ. ಆಕೆ ಏನೆಂದಾಳೋ?

ಕಾನೂನಿನ ಮಾತನ್ನೂ ಬಿಡುವಂತಿಲ್ಲ. ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಮ್ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ತೀರ್ಪಿತ್ತರು. 2012ರಲ್ಲಿ ಆಧಾರದ ವಿರುದ್ಧ ಅರ್ಜಿ ಹಾಕಿ ಇದಕ್ಕೆ ಕಾರಣರಾದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು, 2024ರಲ್ಲಿ ತೀರಿಕೊಂಡರು. 2023ರಲ್ಲಿ ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದು ಕಾಯಿದೆಯೂ ಬಂತು. ಒಬ್ಬನು ಸ್ವಂತದ ಇಲ್ಲವೆ ಮನೆಯ ಉದ್ದೇಶಕ್ಕಾಗಿ ಬಳಸುವ ಮಾಹಿತಿಗೆ ತಾನು ಅನ್ವಯಿಸುವುದಿಲ್ಲವೆಂದು ಅದೇ ಕಾಯಿದೆ ಹೇಳುತ್ತದೆ. ಅಣ್ಣತಂಗಿಯರ ನಡುವೆ ಫೌಜದಾರನನ್ನು ತಂದು ನಿಲ್ಲಿಸದಿದ್ದುದು ಒಳ್ಳೆಯದೇ. ಆದರೆ ನನ್ನಂಥವನು ಅದರ ಕೈಗೆ ಸುಲಭವಾಗಿ ಸಿಗಲಾರ.

2021ರ ಜನವರಿಯಲ್ಲಿ ವಾಟ್ಸಾಪು ಹೊಸ ಕರಾರು ಹೊರಡಿಸಿದಾಗ ನಮ್ಮ ಗುಂಪಿನ ಅರ್ಧ ಜನ ಸಿಗ್ನಲ್ಲಿಗೆ ಗುಳೆ ಹೋದರು. ಯುಗಾದಿಯ ಹೊತ್ತಿಗೆ ಎಲ್ಲರೂ ಮರಳಿದ್ದರು, ಶುಭಾಶಯ ಕಳಿಸಬೇಕಲ್ಲ! ಕೆಲವರು ತಮ್ಮ ಫೋಟೋ, ಬರಹಗಳನ್ನು ಬಳಸಲು ಫೇಸ್‌ಬುಕ್ಕಿಗೆ ಅನುಮತಿಯಿಲ್ಲವೆಂಬ ಪ್ರಕಟಣೆಯನ್ನು ಆಗಾಗ ಗೋಡೆಗೆ ಅಂಟಿಸುತ್ತಾರೆ. ಖಾತೆ ತೆರೆಯುವಾಗ ಒಪ್ಪಿಕೊಂಡ ಕರಾರು ಇದರಿಂದ ಕೂದಲೆಳೆಯಷ್ಟೂ ಬದಲಾಗದು. ಸಾಹಿತ್ಯವಾಗಿ ಓದಿದರೆ ಮಾತ್ರ ರಸವತ್ತಾಗಿದೆ. ಹಳೆಯ ದಾನಶಾಸನಗಳ ಕೊನೆಗೆ, ಇದನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪ ಬರಲೆಂಬ ಶಾಪವಿರುತ್ತದಲ್ಲ, ಅದೇ ದನಿ. ಕಲ್ಲಿನ ಶಾಪಕ್ಕೆ ಹೆದರುವವರಾದರೂ ಇದ್ದರು.

ಈ ಲೇಖನವನ್ನು ಪುರವಣಿಗೆ ಕಳಿಸುವ ಮೊದಲು, ಪಂಚಮಿಗೆ ತವರಿಗೆ ಬಂದಿದ್ದ ತಂಗಿಗೆ ಓದಿ ಹೇಳಿದೆ. ಉಂಡಿ ಕಟ್ಟುತ್ತ ಕೇಳಿದಳು. ಎರಡು ಕಡೆ ‘ಇದ ಬ್ಯಾಡ’ ಎಂದಳು. ಆ ಎರಡು ವಾಕ್ಯಗಳನ್ನು ಹೊ��ೆದುಹಾಕಿದ್ದೇನೆ. ಅಲ್ಲಿ ಲೇಖನ ತುಸು ಎಡವಿದಂತೆ ಕಂಡರೆ ವಾಚಕರು ಮನ್ನಿಸಬೇಕು. ಬಾಳ್ಯಾನ ಮಾತು ಬಂದಾಗ ಮಾತ್ರ ನಕ್ಕಳು. ಹೊರಡುವ ದಿನ ಅವ್ವನ ಪತ್ರವನ್ನು ಕೇಳಿದಳು. ಪಾಕೀಟಿನ ಸಮೇತ ಕೊಟ್ಟೆ. ಫೋನಿನಲ್ಲಿದ್ದ ಫೋಟೋವನ್ನು ಆಕೆಯ ಎದುರಿಗೇ ಅಳಿಸಿದೆ.