ಹಾಲು ಉಕ್ಕಿತು, ನೆಟ್ ಬರಲಿಲ್ಲ

ಬೆಂಗಳೂರಿನ ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳದ್ದು. ಒಂದು ವರ್ಷ ಮೀರಿದ ಕರಾರನ್ನು ನೋಂದಾಯಿಸಲೇಬೇಕು ಎನ್ನುತ್ತದೆ 1908ರ ನೋಂದಣಿ ಕಾಯ್ದೆ. ಆ ಖರ್ಚು, ಓಡಾಟ ಯಾಕೆಂದು ಮಾಲೀಕರು ಒಂದು ತಿಂಗಳು ಕಡಿಮೆ ಬರೆಸುತ್ತಾರೆ. ಮನೆಗೆ ಇಂಟರ್‌ನೆಟ್ ಮಾರುವವರ ಲೆಕ್ಕವೇ ಬೇರೆ. ಅವರ ಅಗ್ಗದ ಪ್ಯಾಕ್ 12 ತಿಂಗಳ ಮುಂಗಡದ್ದು. ಕೆಲವೊಮ್ಮೆ ಮೇಲೊಂದು ತಿಂಗಳು ಪುಕ್ಕಟೆ, ಇನ್‌ಸ್ಟಲೇಷನ್ ಮಾಫಿ. ಹೀಗಾಗಿ ಎಷ್ಟೋ ಸಂಸಾರಗಳಲ್ಲಿ ಮನೆಗಿಂತ ನೆಟ್‌ಗೆ ಆಯಸ್ಸು ಹೆಚ್ಚು. ಮಾಲೀಕರು ಬಾಡಿಗೆ ಏರಿಸಿ, ಬಾಡಿಗೆದಾರರು ಗಂಟುಮೂಟೆ ಕಟ್ಟಿದ ದಿನ, ಮುಂಗಡ ಕಟ್ಟಿದ ದುಡ್ಡು ಹಳೆಯ ವಿಳಾಸದಲ್ಲೇ ಉಳಿದಿರುತ್ತದೆ. ಅದನ್ನು ಹೊಸ ಮನೆಗೆ ಒಯ್ಯುವುದಕ್ಕೆ ‘ಶಿಫ್ಟಿಂಗ್ ರಿಕ್ವೆಸ್ಟ್’ ಎಂಬ ದಾರಿ ಇದೆ. ಆ್ಯಪ್‌ನಲ್ಲಿ ಅದೊಂದು ಗುಂಡಿ, ಒತ್ತಿದರಾಯಿತು.

ಗುಂಡಿಯ ಹಿಂದಿನ ವ್ಯವಸ್ಥೆಗೆ ಅಷ್ಟು ನಯವಿಲ್ಲ. ಕಂಪನಿಯ ಕೇಂದ್ರದಿಂದ ಹೊರಟ ಫೈಬರಿನ ಒಂದೆಳೆ ದಾರಿಯ ಸ್ಪ್ಲಿಟರ್‌ಗಳಲ್ಲಿ 32 ಅಥವಾ 64 ಮನೆಗಳಿಗೆ ಕವಲೊಡೆಯುತ್ತದೆ. ಮನೆಯೊಳಗೆ ಅದು ಬಂದು ಸೇರುವುದು ಒಎನ್‌ಟಿ ಎಂಬ ಪೆಟ್ಟಿಗೆಗೆ. ಮನೆ ಬದಲಾದರೆ ಜೊತೆಗೆ ಬರುವುದು ಹೆಚ್ಚೆಂದರೆ ಈ ಪೆಟ್ಟಿಗೆ ಮತ್ತು ಗ್ರಾಹಕರ ಖಾತೆ. ಕೇಬಲ್ ಹೊಸದು, ಸ್ಪ್ಲಿಟರ್ ಹೊಸದು, ಅದರಲ್ಲೊಂದು ಪೋರ್ಟ್ ಖಾಲಿ ಇರಬೇಕು, ಪೆಟ್ಟಿಗೆಯನ್ನು ಆ ಕಡೆಯ ಕೇಂದ್ರದಲ್ಲಿ ಮತ್ತೆ ನೋಂದಾಯಿಸಬೇಕು. ಜಯನಗರದಿಂದ ಯಲಹಂಕಕ್ಕೆ ಸಲೀಸಾಗಿ ಹೋಗುವ ಸಂಪರ್ಕ ಎರಡು ಕ್ರಾಸ್ ಆಚೆಗೆ ಹೋಗದೆ ಇರಬಹುದು ಎಂಬ ವಿಚಿತ್ರಕ್ಕೆ ಇದೇ ಕಾರಣ. ‘ಫೀಸಿಬಲ್ ಇಲ್ಲ ಸಾರ್’ ಎಂದು ಫೋನಿನಲ್ಲಿ ಹೇಳುವ ಹುಡುಗನ ಮಾತು ಎಷ್ಟೋ ಸಲ ಅಕ್ಷರಶಃ ನಿಜ.

ಹಾಗಾಗಿ ತಂತ್ರಜ್ಞಾನವನ್ನು ಬೈದು ಫಲವಿಲ್ಲ. ಈ ಪದ್ಧತಿ ಕೆಟ್ಟಿರುವುದು ಕೈಯಿಂದ ಕೈಗೆ ದಾಟುವ ಜಾಗದಲ್ಲಿ. ದುಡ್ಡು ಪಡೆದದ್ದು ಕಂಪನಿ; ಕೇಬಲ್ ಎಳೆಯುವುದು ಆಯಾ ಏರಿಯಾದ ಗುತ್ತಿಗೆದಾರ ಅಥವಾ ಕೇಬಲ್ ಆಪರೇಟರ್; ಒಳಗೆ ಬಿಡುವುದು ಅಪಾರ್ಟ್‌ಮೆಂಟಿನ ಸಂಘ. ಬಿಎಸ್‌ಎನ್‌ಎಲ್‌ನ ಫೈಬರ್ ಕೂಡ ಬಹಳ ಕಡೆ ಮನೆ ತಲುಪುವುದು ವರಮಾನ ಹಂಚಿಕೊಳ್ಳುವ ಸ್ಥಳೀಯ ಪಾಲುದಾರರ ಮೂಲಕ. ಇಂಥ ಏರ್ಪಾಡಿನಲ್ಲಿ ಗ್ರಾಹಕರು ಏರಿಯಾ ಬದಲಿಸಿದರೆ ಹಳೆಯ ಪಾಲುದಾರನ ಗಿರಾಕಿ ಹೋಯಿತು. ಹೊಸಬನಿಗೆ ಸಿಗುವುದು ಆಗಲೇ ಮುಂಗಡ ಕಟ್ಟಿ ಮುಗಿಸಿದ ಗಿರಾಕಿ, ಜೊತೆಗೆ ಕೇಬಲ್ ಎಳೆಯುವ ಕೆಲಸ. ಇಬ್ಬರಲ್ಲಿ ಯಾರಿಗೆ ಅವಸರ ಇದ್ದೀತು? ಹೊಸ ಸಂಪರ್ಕ ಬೇಕೆಂದರೆ ಅದೇ ದಿನ ಏಣಿ ಹೊತ್ತು ಬರುವವರು ಶಿಫ್ಟಿಂಗ್ ಎಂದರೆ ‘ಟಿಕೆಟ್ ರೈಸ್ ಆಗಿದೆ’ ಎನ್ನುವುದರ ಗುಟ್ಟು ಇಲ್ಲಿದೆ. ಬೇಸತ್ತವರು ಹಳೆಯದನ್ನು ಕೈಬಿಟ್ಟು ಹೊಸದನ್ನೇ ಕೊಳ್ಳುತ್ತಾರೆ. ವ್ಯವಸ್ಥೆಗೆ ಅದರಿಂದ ನಷ್ಟವೇನಿಲ್ಲ.

ನಿಯಮಗಳ ಚರಿತ್ರೆ ಇನ್ನೂ ಸ್ವಾರಸ್ಯದ್ದು. ಲ್ಯಾಂಡ್‌ಲೈನ್ ಫೋನಿನ ಕಾಲದಲ್ಲಿ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2005ರ ಗುಣಮಟ್ಟ ನಿಯಮಗಳು ಫೋನ್ ಸ್ಥಳಾಂತರವನ್ನು ಹೆಸರಿಸಿಯೇ ಗಡುವು ಹಾಕಿದ್ದವು: ಶೇ 95ರಷ್ಟು ಕೋರಿಕೆಗಳು 3 ದಿನದೊಳಗೆ ಮುಗಿಯಬೇಕು. 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಹೊಸ ನಿಯಮಗಳಲ್ಲಿ ಹೊಸ ಸಂಪರ್ಕಕ್ಕೆ ಗಡುವಿದೆ, ಸಂಪರ್ಕ ಮುಚ್ಚಲು 7 ಕೆಲಸದ ದಿನಗಳ ಗಡುವಿದೆ, ಠೇವಣಿ ಮರಳಿಸಲು 45 ದಿನಗಳ ಗಡುವಿದೆ. ಮನೆ ಬದಲಿಸುವವರಿಗೆಂದು ಒಂದು ಸಾಲಿಲ್ಲ. ತಾಮ್ರದ ತಂತಿಯ ಗ್ರಾಹಕರಿಗಿದ್ದ ಮರ್ಯಾದೆ ಗಾಜಿನ ತಂತಿಯವರಿಗೆ ಸಿಗಲಿಲ್ಲ.

ಮೊಬೈಲ್ ನಂಬರ್ ಇಟ್ಟುಕೊಂಡೇ ಕಂಪನಿ ಬದಲಿಸುವ ಸೌಲಭ್ಯ 2011ರ ಜನವರಿಯಲ್ಲಿ ದೇಶವಿಡೀ ಬಂತು, ನೆಟ್‌ಗೇಕಿಲ್ಲ ಎಂದು ಕೇಳುವವರಿದ್ದಾರೆ. ಹೋಲಿಕೆ ಪೂರ್ತಿ ಸರಿಯಲ್ಲ. ನಂಬರ್ ಇರುವುದು ದತ್ತಾಂಶದ ಕೋಷ್ಟಕದಲ್ಲಿ, ಕೇಬಲ್ ಇರುವುದು ಬೀದಿಯಲ್ಲಿ. ಸರಿಯಾದ ಹೋಲಿಕೆ ಅಡುಗೆ ಅನಿಲ. ಊರು ಬಿಡುವವರು ಸಿಲಿಂಡರ್, ರೆಗ್ಯುಲೇಟರ್ ಒಪ್ಪಿಸಿ, ಠೇವಣಿ ಹಿಂಪಡೆದು, ಟರ್ಮಿನೇಷನ್ ವೋಚರ್ ಹಿಡಿದು ಹೊಸ ಊರಿನ ಏಜೆನ್ಸಿಗೆ ಹೋದರೆ ಸಂಪರ್ಕ ಮುಂದುವರಿಯುತ್ತದೆ. ಅದೇ ಊರಿನೊಳಗಾದರೆ ವರ್ಗಾವಣೆ ಪತ್ರ ಸಾಕು, ಸಾಮಾನು ಒಪ್ಪಿಸುವುದೂ ಬೇಡ. ಇಲ್ಲೂ ಏಜೆನ್ಸಿಗಳು ಬೇರೆ ಬೇರೆ, ಸಾಮಾನು ಭಾರದ್ದು. ಆದರೂ ನಡೆಯುತ್ತದೆ, ಯಾಕೆಂದರೆ ಹೊಣೆ ಯಾರಿಂದ ಯಾರಿಗೆ ದಾಟಿತೆಂದು ಒಂದು ಕಾಗದ ಹೇಳುತ್ತದೆ. ಒಎನ್‌ಟಿ ಬಿಚ್ಚಿಕೊಂಡು ಹೋದವರು ರಸೀದಿ ಕೊಟ್ಟರೇ ಎಂದು ಮನೆ ಬಿಟ್ಟವರನ್ನು ಕೇಳಿ ನೋಡಬೇಕು.

ಕಟ್ಟಡಗಳದು ಇನ್ನೊಂದು ಕಥೆ. ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಒಂದೋ ಎರಡೋ ಕಂಪನಿಗಷ್ಟೇ ಪ್ರವೇಶ. ಉಳಿದವರ ಕೇಬಲ್ ಗೇಟಿನ ಆಚೆಯೇ. ಅಮೆರಿಕದಲ್ಲಿ ಸಂವಹನ ನಿಯಂತ್ರಕ ಸಂಸ್ಥೆ ಎಫ್‌ಸಿಸಿ ಇಂಥ ಕಟ್ಟಡಗಳಲ್ಲಿ ಕೇಬಲ್ ಕಂಪನಿಗಳ ಏಕಸ್ವಾಮ್ಯದ ಒಪ್ಪಂದಗಳ ಮೇಲೆ ಹಿಂದೆಯೇ ಕಡಿವಾಣ ಹಾಕಿತ್ತು. 2022ರಲ್ಲಿ ಮಾಲೀಕರ ಜೊತೆಗಿನ ಕೆಲವು ಬಗೆಯ ವರಮಾನ ಹಂಚಿಕೆಯನ್ನೂ ನಿಷೇಧಿಸಿತು. ಇಲ್ಲಿ 2024ರ ಅಕ್ಟೋಬರಿನಲ್ಲಿ ಟ್ರಾಯ್ ಹಿಡಿದ ದಾರಿ ಮೃದುವಾದದ್ದು: ಕಟ್ಟಡಗಳ ಡಿಜಿಟಲ್ ಸಂಪರ್ಕಕ್ಕೆ ನಕ್ಷತ್ರ ಕೊಟ್ಟು ಅಳೆಯುವ ನಿಯಮಾವಳಿ. ಒಳ್ಳೆಯದೇ. ಆದರೆ ‘ಟು ಲೆಟ್’ ಜಾಹೀರಾತಿನಲ್ಲಿ ಕಾವೇರಿ ನೀರು, ಬೋರ್‌ವೆಲ್, ಪೂರ್ವದ ಬಾಗಿಲು ಎಲ್ಲ ಬರುವಾಗ ಯಾವ ಕಂಪನಿಯ ಫೈಬರ್ ಇದೆಯೆಂಬ ಸಾಲು ಕಾಣುವುದು ಅಪರೂಪ. ಸ್ವತಂತ್ರ ಮನೆಗಳಲ್ಲಿ ಸಂಘದ ಕಾಟವಿಲ್ಲ. ಆದರೆ ಅವುಗಳ ಬೀದಿಯಲ್ಲಿ, ಟೆಂಡರ್‌ಶ್ಯೂರ್ ಯೋಜನೆಯಲ್ಲಿ ಹೊಸದಾಗಿ ಕಟ್ಟಿದ ರೆಸಿಡೆನ್ಸಿ ರಸ್ತೆಯಂಥ ರಸ್ತೆಗಳಲ್ಲಿರುವ ನೆಲದಡಿ ಕೊಳವೆಗಳೂ ಇಲ್ಲ. ಬೆಸ್ಕಾಂ ಕಂಬ, ಹೊಂಗೆ ಮರ, ಪಕ್ಕದವರ ತಾರಸಿ ದಾಟಿ ಬರುವ ಕೇಬಲ್, ಕಂಬದ ಮೇಲಿನ ತಂತಿ ತೆರವು ಮಾಡುವವರು ಬಂದ ದಿನ ತುಂಡಾಗುತ್ತದೆ.

ತಪ್ಪೆಲ್ಲ ಕಂಪನಿ, ಸಂಘಗಳದೇ ಎಂದರೆ ಅನ್ಯಾಯವಾದೀತು. ಮನೆ ಹುಡುಕುವಾಗ ವಾಸ್ತು ನೋಡುವ ಜನ ಎದುರುಮನೆಯವರನ್ನು ‘ನಿಮ್ಮಲ್ಲಿ ಯಾವ ನೆಟ್?’ ಎಂದು ಕೇಳುವುದಿಲ್ಲ. ಆಷಾಢ ಕಳೆದ ಮೇಲೆ, ಮುಹೂರ್ತ ನೋಡಿ, ಲಾರಿ ಬಾಗಿಲಿಗೆ ಬಂದ ಮೇಲೆ ಕಸ್ಟಮರ್ ಕೇರ್‌ಗೆ ಫೋನ್ ಹೋಗುತ್ತದೆ. ಹಾಲು ಉಕ್ಕಿಸಿ ಮುಗಿದರೂ ಸೋಮವಾರದ ಮೀಟಿಂಗ್‌ಗೆ ನೆಟ್ ಇರುವುದಿಲ್ಲ. ಮನೆಯಿಂದಲೇ ಕೆಲಸ ಮಾಡುವವರು ಅಡ್ವಾನ್ಸ್ ಕೊಡುವ ಮುಂಚೆ ಪಿನ್‌ಕೋಡ್ ಅಲ್ಲ, ಬಾಗಿಲ ನಂಬರ್ ಕೊಟ್ಟು ಪೋರ್ಟ್ ಇದೆಯೇ ಎಂದು ವಿಚಾರಿಸುವುದು, ಹೊಸದು ಚಾಲೂ ಆಗುವವರೆಗೆ ಹಳೆಯದನ್ನು ಮುಚ್ಚಿಸದಿರುವುದು, ವರ್ಷದ ಪ್ಯಾಕಿನ ರಿಯಾಯಿತಿ ಕಂಡು ಮರುಳಾಗದೆ ಕರಾರಿನ ಉಳಿದ ತಿಂಗಳು ಎಣಿಸುವುದು ಒಳ್ಳೆಯದು. ವೈಫೈ ರೂಟರ್ ಸ್ವಂತದ್ದಾದರೆ ಇನ್ನೊಂದು ಲಾಭ: ಕಂಪನಿ ಬದಲಾದರೂ ಮನೆಯ ಟಿವಿ, ಕ್ಯಾಮೆರಾಗಳ ಪಾಸ್‌ವರ್ಡ್ ಬದಲಾಗದು.

2023ರ ಗಣೇಶನ ಹಬ್ಬಕ್ಕೆ ಬೆಂಗಳೂರೂ ಸೇರಿ 8 ನಗರಗಳಿಗೆ ಬಂದ ಜಿಯೋ ಏರ್‌ಫೈಬರ್‌ನಂಥ 5ಜಿ ಸೇವೆಗಳು ಕೇಬಲ್ಲಿನ ರಗಳೆಯನ್ನಂತೂ ಕಳೆದಿವೆ. ಆದರೆ ತಾರಸಿಯ ಮೇಲಿನ ಸಾಧನ ಕಿತ್ತು ಮತ್ತೆ ಕೂರಿಸಲು ಆಳು ಬರಬೇಕು, ಹೊಸ ಜಾಗದಲ್ಲಿ ಟವರಿನ ಸಿಗ್ನಲ್ ಚೆನ್ನಾಗಿರಬೇಕು.

ಆಳು ಬಾರದಿದ್ದರೆ ದೂರು ಕೊಡಬಹುದು. 2012ರ ಟ್ರಾಯ್ ನಿಯಮಗಳ ಪ್ರಕಾರ ಮೊದಲು ಕಂಪನಿಗೆ ದೂರು, ಡಾಕೆಟ್ ನಂಬರ್. ಸಮಾಧಾನವಾಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರ. ಮನವಿ ಇತ್ಯರ್ಥಕ್ಕೆ ಕೊಟ್ಟಿರುವ ಅವಧಿ 39 ದಿನ. ಅಷ್ಟು ದಿನ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಆಫೀಸ್ ನಡೆಸಬೇಕು. ಗ್ರಾಹಕ ಆಯೋಗದ ಬಾಗಿಲೂ ತೆರೆದಿದೆ: ದೂರಸಂಪರ್ಕ ಕಂಪನಿಗಳ ವಿರುದ್ಧದ ದೂರುಗಳನ್ನು ಅದು ಕೇಳಬಹುದೆಂದು ಸುಪ್ರೀಂ ಕೋರ್ಟ್ 2022ರ ಫೆಬ್ರುವರಿಯಲ್ಲಿ ಹೇಳಿದೆ. ಉಳಿದ ಮೂರು ತಿಂಗಳ ಪ್ಯಾಕ್ ಹಣಕ್ಕಾಗಿ ಅಲ್ಲಿಯವರೆಗೆ ಹೋಗುವವರು ಕಡಿಮೆ. ಕಂಪನಿಗಳಿಗೂ ಅದು ಗೊತ್ತಿದೆ.