ತಡೆಯಲು ಬಲ್ಲವರ ಗಣರಾಜ್ಯ

ರೋಮನ್ ಗಣರಾಜ್ಯವನ್ನು ಹೊಗಳುವವರು ಹೆಚ್ಚಾಗಿ ಪೊಲಿಬಿಯಸ್‌ನನ್ನು ಸಾಕ್ಷಿಗೆ ಕರೆಯುತ್ತಾರೆ. ಕ್ರಿ.ಪೂ. 167ರಲ್ಲಿ ಒತ್ತೆಯಾಳಾಗಿ ರೋಮಿಗೆ ಬಂದ ಈ ಗ್ರೀಕ್ ಇತಿಹಾಸಕಾರ, ತನ್ನನ್ನು ಸೆರೆಹಿಡಿದವರ ವ್ಯವಸ್ಥೆಗೇ ಮಾರುಹೋದ. ರಾಜ್ಯದ ಮುಖ್ಯ ಅಧಿಕಾರಿಗಳಾದ ಕಾನ್ಸಲ್‌ಗಳಲ್ಲಿ ರಾಜತ್ವ, ಸೆನೆಟ್‌ನಲ್ಲಿ ಕುಲೀನರ ಆಳ್ವಿಕೆ, ಜನಸಭೆಗಳಲ್ಲಿ ಪ್ರಜಾಪ್ರಭುತ್ವ. ಈ ಮೂರೂ ಒಂದನ್ನೊಂದು ಹದ್ದುಬಸ್ತಿನಲ್ಲಿಡುತ್ತವೆ ಎಂಬುದು ಅವನ ವಾದ. ವಾದವೇನೋ ಸೊಗಸಾಗಿದೆ. ಆದರೆ ಮತ ಎಣಿಸುವ ಜಾಗಕ್ಕೆ ಹೋಗಿ ನಿಂತರೆ ತಕ್ಕಡಿ ಎತ್ತ ವಾಲಿತ್ತು ಎಂಬುದು ಗೊತ್ತಾಗುತ್ತದೆ.

ಕಾನ್ಸಲ್‌ಗಳನ್ನು ಆರಿಸುವ ಸಭೆ ಊರ ಗೋಡೆಯಾಚೆಯ ಮಾರ್ಸ್ ಬಯಲಿನಲ್ಲಿ ಸೇರುತ್ತಿತ್ತು. ಪೌರರನ್ನು ಆಸ್ತಿಯ ಪ್ರಕಾರ 193 ಸೆಂಚುರಿಗಳಾಗಿ ವಿಂಗಡಿಸಿದ್ದರು. ತಲೆಗೊಂದು ಮತವಲ್ಲ, ಸೆಂಚುರಿಗೊಂದು ಮತ. ಇತಿಹಾಸಕಾರ ಲಿವಿ ಕೊಡುವ ಹಳೆಯ ಲೆಕ್ಕದಲ್ಲಿ ಕುದುರೆ ಸವಾರರಿಗೆ 18, ಮೊದಲ ದರ್ಜೆಯ ಆಸ್ತಿವಂತರಿಗೆ 80. ಬಹುಮತಕ್ಕೆ ಬೇಕಾದದ್ದು 97, ಇವರಿಬ್ಬರ ಕೈಯಲ್ಲೇ 98. ಏನೂ ಇಲ್ಲದವರ ಇಡೀ ಗುಂಪಿಗೆ ಒಂದೇ ಒಂದು. ಮತದಾನ ಮೇಲಿನಿಂದ ಶುರುವಾಗಿ, ಬಹುಮತ ಬಂದ ತಕ್ಷಣ ನಿಲ್ಲುತ್ತಿತ್ತು. ಬಡವನಿಗೆ ಮತವಿತ್ತು, ಹಾಕುವ ಸರದಿ ಸಾಮಾನ್ಯವಾಗಿ ಬರುತ್ತಿರಲಿಲ್ಲ. ಕ್ರಿ.ಪೂ. 3ನೇ ಶತಮಾನದಲ್ಲಿ ಆ 80ನ್ನು 70ಕ್ಕೆ ಇಳಿಸಿದರು. ಇದರಿಂದ ಎರಡನೇ ದರ್ಜೆಯವರನ್ನೂ ಸ್ವಲ್ಪ ಓಲೈಸಬೇಕಾಯಿತು, ಅಷ್ಟೆ. ಹೆಂಗಸರಿಗೂ ಗುಲಾಮರಿಗೂ ಮತವೇ ಇರಲಿಲ್ಲ.

ಚುನಾವಣೆಯಲ್ಲಿ ಕ್ರಿ.ಪೂ. 139ರವರೆಗೆ ಮತವನ್ನು ಬಾಯಿಬಿಟ್ಟು ಹೇಳಬೇಕಿತ್ತು, ಧಣಿಯ ಕಿವಿಗೆ ಬೀಳುವಂತೆ. ಆಮೇಲೆ ಗೋಪ್ಯ ಮತದಾನ ಬಂತು. ಲಿಸಿನಿಯಸ್ ನೆರ್ವ ಅಚ್ಚುಹಾಕಿಸಿದ ಬೆಳ್ಳಿ ನಾಣ್ಯದಲ್ಲಿ ಅದರ ಚಿತ್ರವಿದೆ: ಕಿರಿದಾದ ಹಲಗೆ ಸೇತುವೆಯ ಮೇಲೆ ಒಬ್ಬ ಮತಪತ್ರ ಪಡೆಯುತ್ತಿದ್ದಾನೆ, ಮುಂದಿನವನು ಅದನ್ನು ಬುಟ್ಟಿಗೆ ಹಾಕುತ್ತಿದ್ದಾನೆ. ಕ್ರಿ.ಪೂ. 119ರಲ್ಲಿ ರಾಜಕಾರಣಿ ಮಾರಿಯಸ್ ಆ ಸೇತುವೆಯನ್ನು ಇನ್ನೂ ಕಿರಿದಾಗಿಸುವ ಕಾನೂನು ತಂದ. ಮತದಾರನ ಮಗ್ಗುಲಲ್ಲಿ ನಿಂತು ಇಣುಕುವವರಿಗೆ ಜಾಗವಿರಕೂಡದು ಎಂಬುದೇ ಉದ್ದೇಶ. ನನ್ನ ಮಟ್ಟಿಗೆ ಪೊಲಿಬಿಯಸ್‌ನ ಸಿದ್ಧಾಂತಕ್ಕಿಂತ ಆ ಹಲಗೆಯೇ ರೋಮನ್ ರಾಜಕೀಯದ ಬಗ್ಗೆ ಹೆಚ್ಚು ಹೇಳುತ್ತದೆ.

ಹಾಗೆಂದು ಎಲ್ಲವೂ ನಾಟಕವೆಂದು ತಳ್ಳಿಹಾಕುವಂತಿಲ್ಲ. ಸಂಪ್ರದಾಯದ ಪ್ರಕಾರ ಕ್ರಿ.ಪೂ. 494ರಲ್ಲಿ ಪ್ಲೀಬಿಯನ್ ಜನಸಾಮಾನ್ಯರು ಸೈನ್ಯಕ್ಕೆ ಬರುವುದಿಲ್ಲವೆಂದು ಊರು ಬಿಟ್ಟು ಹೊರನಡೆದು ಟ್ರಿಬ್ಯೂನ್ ಹುದ್ದೆಯನ್ನು ಗಿಟ್ಟಿಸಿಕೊಂಡರು. ಟ್ರಿಬ್ಯೂನನ ಮೈಮುಟ್ಟುವಂತಿರಲಿಲ್ಲ. ಕಾನ್ಸಲ್‌ನ ಆಜ್ಞೆಯನ್ನೂ ಸೆನೆಟ್‌ನ ನಿರ್ಣಯವನ್ನೂ ಅವನು ನಿಂತ ನಿಲುವಿನಲ್ಲೇ ತಡೆಯಬಹುದಿತ್ತು. ದೂರು ಹೇಳಿಕೊಂಡು ಬರುವವರಿಗಾಗಿ ಅವನ ಮನೆಬಾಗಿಲು ಹಗಲಿರುಳೂ ತೆರೆದಿರಬೇಕಿತ್ತು. ಇಂಥ ಹುದ್ದೆಯನ್ನು ಕಲ್ಪಿಸಿಕೊಂಡ ಪ್ರಾಚೀನ ರಾಜ್ಯಗಳು ವಿರಳ.

ತೊಂದರೆಯ ಬೇರೂ ಇಲ್ಲೇ ಇದೆ. ಒಬ್ಬ ಕಾನ್ಸಲ್ ಇನ್ನೊಬ್ಬನನ್ನು ತಡೆಯಬಲ್ಲ, ಒಬ್ಬ ಟ್ರಿಬ್ಯೂನ್ ಉಳಿದ ಒಂಬತ್ತು ಟ್ರಿಬ್ಯೂನರನ್ನು ತಡೆಯಬಲ್ಲ. ಆದರೆ ಇಬ್ಬರೂ ಪಟ್ಟು ಹಿಡಿದರೆ ಬಿಡಿಸುವವರು ಯಾರು? ಕ್ರಿ.ಪೂ. 133ರಲ್ಲಿ ಟ್ರಿಬ್ಯೂನ್ ಟೈಬೀರಿಯಸ್ ಗ್ರಾಕಸ್, ಸಿರಿವಂತರು ಮಿತಿಮೀರಿ ಹಿಡಿದಿದ್ದ ಸರ್ಕಾರಿ ಭೂಮಿಯನ್ನು ಬಡವರಿಗೆ ಹಂಚುವ ಮಸೂದೆ ತಂದಾಗ ಅಡ್ಡಬಂದವನು ಜೊತೆಯ ಟ್ರಿಬ್ಯೂನ್ ಆಕ್ಟೇವಿಯಸ್. ಅವನನ್ನು ಹುದ್ದೆಯಿಂದ ಇಳಿಸಲು ಟೈಬೀರಿಯಸ್ ಮತಕ್ಕೆ ಹಾಕಿದ. ಪ್ಲೀಬಿಯನ್ನರ ಸಭೆಯ 35 ಪಂಗಡಗಳಲ್ಲಿ 17 ಟೈಬೀರಿಯಸ್ ಪರ ಬಿದ್ದಾಗ, ಇನ್ನೊಂದು ಸಾಕು ಎನ್ನುವಾಗ, ಮತದಾನ ನಿಲ್ಲಿಸಿ ಗೆಳೆಯನನ್ನು ತಬ್ಬಿಕೊಂಡು ಹಟ ಬಿಡುವಂತೆ ಬೇಡಿಕೊಂಡ ಎಂದು ಜೀವನಚರಿತ್ರೆಕಾರ ಪ್ಲುಟಾರ್ಕ್ ಬರೆಯುತ್ತಾನೆ. ಆಕ್ಟೇವಿಯಸ್ ಬಗ್ಗಲಿಲ್ಲ, ಹುದ್ದೆ ಕಳೆದುಕೊಂಡ. ಮಸೂದೆ ಪಾಸಾಯಿತು. ಕೆಲವು ತಿಂಗಳಲ್ಲೇ ಸೆನೆಟರುಗಳ ಗುಂಪು ಮುರಿದ ಬೆಂಚಿನ ಕಾಲುಗಳನ್ನು ಹಿಡಿದು ಬಂದು ಟೈಬೀರಿಯಸ್‌ನನ್ನು ಬಡಿದು ಕೊಂದಿತು. ಮೈಮುಟ್ಟಬಾರದ ಟ್ರಿಬ್ಯೂನನ ಹೆಣ ಟೈಬರ್ ನದಿ ಪಾಲಾಯಿತು.

ಇದಕ್ಕೆ ಇತಿಹಾಸಕಾರ ಸ್ಯಾಲಸ್ಟ್‌ನಂಥವರು ನೈತಿಕ ಅಧಃಪತನವನ್ನು ದೂರಿದರು. ಅದನ್ನು ನಾನು ಒಪ್ಪಲಾರೆ. ಎದುರಾಳಿ ತಾನಾಗಿಯೇ ಹಿಂದೆ ಸರಿಯುತ್ತಾನೆ ಎಂಬ ನಂಬಿಕೆಯ ಮೇಲೆ ಕಟ್ಟಿದ ವ್ಯವಸ್ಥೆಗೆ ಸರಿಯದವನನ್ನು ಏನು ಮಾಡಬೇಕೆಂದು ತಿಳಿದಿರಲಿಲ್ಲ. ಕ್ರಿ.ಪೂ. 59ರಲ್ಲಿ ಕಾನ್ಸಲ್ ಬಿಬ್ಯುಲಸ್ ಕಾನೂನುಗಳನ್ನು ತಡೆಯಲು ಮನೆಯಲ್ಲಿ ಕುಳಿತು ಅಪಶಕುನ ಸಾರುತ್ತಲೇ ಇದ್ದ. ಜೊತೆಯ ಕಾನ್ಸಲ್ ಜೂಲಿಯಸ್ ಸೀಸರ್ ಲಕ್ಷ್ಯಕ್ಕೇ ತೆಗೆದುಕೊಳ್ಳದೆ ಕಾನೂನು ಮಾಡುತ್ತ ಹೋದ. ಆ ವರ್ಷದ ಕಾನ್ಸಲ್‌ಗಳು ಜೂಲಿಯಸ್ ಮತ್ತು ಸೀಸರ್ ಎಂದು ಜನ ನಗಾಡಿದರು.

ಮುಂದಿನ ಅಂತರ್ಯುದ್ಧಗಳಲ್ಲಿ ಕೊನೆಗೆ ಗೆದ್ದು ಮೊದಲ ಚಕ್ರವರ್ತಿಯಾದ ಆಗಸ್ಟಸ್ ಈ ಹುದ್ದೆಗಳಲ್ಲಿ ಯಾವುದನ್ನೂ ರದ್ದು ಮಾಡಲಿಲ್ಲ. ಕ್ರಿ.ಪೂ. 23ರಲ್ಲಿ ಅವನು ಟ್ರಿಬ್ಯೂನ್ ಆಗದೆಯೇ ಟ್ರಿಬ್ಯೂನನ ಅಧಿಕಾರವನ್ನು ಬದುಕಿರುವವರೆಗೂ ತನಗೆ ಬರೆಸಿಕೊಂಡ. ಮುಂದಿನ ಚಕ್ರವರ್ತಿಗಳು ತಮ್ಮ ಆಳ್ವಿಕೆಯ ವರ್ಷಗಳನ್ನು ಎಣಿಸಿದ್ದು ಅದೇ ಅಧಿಕಾರದ ಲೆಕ್ಕದಲ್ಲಿ.