ನಿಧಾನಗತಿಯ ಮುಷ್ಟಿಗಳು: ‘ವಾಚ್‌ಮೆನ್’ ಚಿತ್ರದ ನಿಷ್ಠೆಯನ್ನು ಕುರಿತು

ಸೂಪರ್‌ಹೀರೋ ಕಾಮಿಕ್ಸನ್ನು ಸಿನಿಮಾ ಮಾಡುವುದು ಹೇಗೆ ಎಂಬ ಚರ್ಚೆ ಎಲ್ಲಿ ಎದ್ದರೂ ಝ್ಯಾಕ್ ಸ್ನೈಡರ್ ಅವರ ‘ವಾಚ್‌ಮೆನ್’ (2009) ಚಿತ್ರಕ್ಕೆ ಒಂದು ಮಣೆ ಮೊದಲೇ ಹಾಕಿಟ್ಟಿರುತ್ತದೆ. ಗಲ್ಲಾಪೆಟ್ಟಿಗೆಯಲ್ಲಿ ಅದು ಹೇಳಿಕೊಳ್ಳುವಂತೆ ಗೆಲ್ಲಲಿಲ್ಲ. ಈಗ ಆ ಸೋಲೇ ಅದರ ಹೆಚ್ಚುಗಾರಿಕೆ. ಕಾಲಕ್ಕೆ ಮುಂಚೆ ಬಂದ ಚಿತ್ರ, ಮೂಲಕ್ಕೆ ಕೂದಲೆಳೆಯಷ್ಟೂ ದ್ರೋಹ ಬಗೆಯದ ಚಿತ್ರ ಎಂಬ ಮಾತು ವರ್ಷದಿಂದ ವರ್ಷಕ್ಕೆ ಗಟ್ಟಿಯಾಗುತ್ತಿದೆ. ಅಲನ್ ಮೂರ್ ಬರೆದು ಡೇವ್ ಗಿಬ್ಬನ್ಸ್ ಚಿತ್ರಿಸಿದ ಚೌಕವೊಂದನ್ನು ಎಡಕ್ಕಿಟ್ಟು, ಸಿನಿಮಾದ ಶಾಟ್ ಒಂದನ್ನು ಬಲಕ್ಕಿಟ್ಟು ‘ನೋಡಿ, ಇದ್ದದ್ದು ಇದ್ದ ಹಾಗೇ’ ಎಂದು ತೋರಿಸುವ ಜೋಡಿಚಿತ್ರಗಳನ್ನು ಅಭಿಮಾನಿಗಳು ಸಾಕ್ಷಿಗೆ ತರುತ್ತಾರೆ. ನನ್ನ ತಕರಾರು ಹುಟ್ಟುವುದೇ ಆ ಜೋಡಿಚಿತ್ರಗಳಿಂದ. ಅವು ಸುಳ್ಳು ಹೇಳುತ್ತಿಲ್ಲ. ಚಿತ್ರದ ಕಾಯಿಲೆ ಎಲ್ಲಿದೆ ಎಂಬುದನ್ನು ಬೆರಳಿಟ್ಟು ತೋರಿಸುತ್ತಿವೆ, ಅಷ್ಟೆ.

1986–87ರಲ್ಲಿ ಬಂದ ಆ ಹನ್ನೆರಡು ಸಂಚಿಕೆಗಳು ಕಾಮಿಕ್ಸ್ ಲೋಕವನ್ನು ಏನು ಮಾಡಿದವು ಎಂಬ ಪುರಾಣವನ್ನು ಇಲ್ಲಿ ಮತ್ತೆ ಬಿಚ್ಚಬೇಕಿಲ್ಲ. ಒಂದು ಸಂಗತಿ ನೆನಪಿದ್ದರೆ ಸಾಕು: ಆ ಕಥೆಯ ವೀರರಲ್ಲಿ ಡಾಕ್ಟರ್ ಮ್ಯಾನ್‌ಹ್ಯಾಟನ್ ಒಬ್ಬನನ್ನು ಬಿಟ್ಟರೆ ಉಳಿದ ಯಾರಿಗೂ ಅಮಾನುಷ ಶಕ್ತಿಯಿಲ್ಲ. ವೇಷ ತೊಟ್ಟು ಬೀದಿಗಿಳಿದ ಸಾಮಾನ್ಯರು ಅವರು, ಒಂದಿಷ್ಟು ತರಬೇತಿ, ಒಂದಿಷ್ಟು ಹುಚ್ಚು.

ಈಗ ಮೂರನೆಯ ಸಂಚಿಕೆಯ ಗಲ್ಲಿ ಜಗಳವನ್ನು ನೋಡಿ. 1977ರ ಕಾನೂನು ಆ ವೇಷಧಾರಿಗಳ ಪೈಕಿ ಇಬ್ಬರಾದ ಡ್ಯಾನ್ ಮತ್ತು ಲಾರಿಯ ಕಸುಬನ್ನೇ ನಿಷೇಧಿಸಿದೆ. ವೇಷ ಕಳಚಿಟ್ಟು ವರ್ಷಗಳಾಗಿವೆ, ಡ್ಯಾನ್‌ಗೆ ಹೊಟ್ಟೆ ಬಂದಿದೆ. ಸಾದಾ ಬಟ್ಟೆಯಲ್ಲಿ ನಡೆದು ಹೊರಟವರನ್ನು ಕತ್ತಲ ಗಲ್ಲಿಯಲ್ಲಿ ಪುಂಡರ ಗುಂಪೊಂದು ಅಡ್ಡಗಟ್ಟುತ್ತದೆ. ಅದೇ ಹೊತ್ತಿಗೆ ಟೀವಿ ಸ್ಟುಡಿಯೋದಲ್ಲಿ ಮ್ಯಾನ್‌ಹ್ಯಾಟನ್‌ನ ಸಂದರ್ಶನ. ನಿನ್ನ ಒಡನಾಟದಿಂದಲೇ ನಿನ್ನ ಹತ್ತಿರದವರಿಗೆಲ್ಲ ಕ್ಯಾನ್ಸರ್ ಬಂತು ಎಂದು ಪತ್ರಕರ್ತನೊಬ್ಬ ಎಲ್ಲರೆದುರು ಆರೋಪ ಹೊರಿಸುತ್ತಿದ್ದಾನೆ. ಗಿಬ್ಬನ್ಸ್ ಗಲ್ಲಿಯನ್ನೂ ಸ್ಟುಡಿಯೋವನ್ನೂ ಒಂದರೊಳಗೊಂದು ಹೆಣೆಯುತ್ತಾರೆ. ಸ್ಟುಡಿಯೋದ ಮಾತು ಗಲ್ಲಿಯ ಹೊಡೆತದ ಮೇಲೆ ಬಂದು ಕೂರುತ್ತದೆ. ಚೌಕಗಳು ಸಣ್ಣವು, ಯಾವ ಏಟಿಗೂ ಮೆರವಣಿಗೆಯ ಭಾಗ್ಯವಿಲ್ಲ. ಎಲ್ಲ ಮುಗಿದ ಮೇಲೆ ಇಬ್ಬರೂ ಏದುಸಿರು ಬಿಡುತ್ತ ನಿಲ್ಲುತ್ತಾರೆ, ಬಿಟ್ಟಿದ್ದ ಚಟಕ್ಕೆ ಮತ್ತೆ ಕೈಹಾಕಿ ಸಿಕ್ಕಿಬಿದ್ದವರ ಹಾಗೆ. ಜಗಳದಲ್ಲಿ ಸಿಕ್ಕ ಸುಖವನ್ನು ಒಬ್ಬರಿಗೊಬ್ಬರು ಒಪ್ಪಿಕೊಳ್ಳಲಾರರು. ಆ ಮುಜುಗರಕ್ಕಾಗಿಯೇ ಮೂರ್ ಈ ಜಗಳವನ್ನು ಬರೆದದ್ದು.

ಸ್ನೈಡರ್ ಈ ಹೆಣಿಗೆಯನ್ನು ಹಾಗೇ ಉಳಿಸಿಕೊಂಡಿದ್ದಾರೆ. ಗಲ್ಲಿ, ಸ್ಟುಡಿಯೋ, ಮತ್ತೆ ಗಲ್ಲಿ. ನಿಷ್ಠೆಯ ಪರೀಕ್ಷೆಯಲ್ಲಿ ನೂರಕ್ಕೆ ನೂರು. ಆದರೆ ಇಲ್ಲಿ ಪುಂಡನೊಬ್ಬನ ತೋಳು ತಿರುಚಿದರೆ ಮೂಳೆ ಚರ್ಮ ಸೀಳಿಕೊಂಡು ಹೊರಗೆ ಬರುತ್ತದೆ, ಕ್ಯಾಮೆರಾ ಅದನ್ನು ಬಾಯಿ ಚಪ್ಪರಿಸಿ ನೋಡುತ್ತದೆ. ಇನ್ನೊಬ್ಬನ ಕುತ್ತಿಗೆಗೆ ಚಾಕು ಇಳಿಯುತ್ತದೆ. ಇಷ್ಟು ಲೀಲಾಜಾಲವಾಗಿ ಕೊಲ್ಲಬಲ್ಲವರಿಗೆ ಮುಜುಗರ ಎಲ್ಲಿಂದ ಬರಬೇಕು? ಕೊನೆಯಲ್ಲಿ ನಟರು ಏದುಸಿರು ಬಿಡುತ್ತಾರೆ, ನಿಜ, ಪುಟದಲ್ಲಿ ಹಾಗಿದೆಯಲ್ಲ! ಚಿತ್ರದ ಆರಂಭದ ಕೊಲೆಯೂ ಹೀಗೇ. ಪುಸ್ತಕದಲ್ಲಿ ಆ ವೇಷಧಾರಿಗಳಲ್ಲೇ ಒಬ್ಬನಾದ ಕಮೀಡಿಯನ್‌ನ ಸಾವು ಪೊಲೀಸರಿಬ್ಬರ ಮಾತಿನ ನಡುವೆ ಕೆಂಪು ಬಣ್ಣದ ತುಣುಕುಗಳಾಗಿ ಬಂದು ಹೋಗುತ್ತದೆ. ಸಿನಿಮಾದಲ್ಲಿ ಅದು ದೀರ್ಘ ಕುಸ್ತಿ. ಮುಷ್ಟಿ ಗೋಡೆಗೆ ಬಿದ್ದರೆ ಗೋಡೆಯೇ ಒಡೆಯುತ್ತದೆ. ಎಲ್ಲರೂ ಗೋಡೆ ಒಡೆಯುವವರಾದ ಮೇಲೆ ಮ್ಯಾನ್‌ಹ್ಯಾಟನ್ ಬರೀ ನೀಲಿ ಬಣ್ಣದ ಇನ್ನೊಬ್ಬ ಬಲಶಾಲಿ. ಅವನಿಗೂ ಮನುಷ್ಯರಿಗೂ ನಡುವಿನ ಅಂತರದ ಮೇಲೆ ನಿಂತ ಇಡೀ ಕಥೆ ಅಲ್ಲೇ ಕುಸಿಯುತ್ತದೆ.

ನಿಷ್ಠೆ ಇಟ್ಟುಕೊಂಡೂ ಇದು ಹೇಗಾಯಿತು? ಕಾಮಿಕ್ಸ್ ಓದುವಾಗ ಗಡಿಯಾರ ಓದುಗನ ಕೈಯಲ್ಲಿರುತ್ತದೆ. ಒಂದು ಚೌಕದ ಮುಂದೆ ಎಷ್ಟು ಹೊತ್ತು ನಿಲ್ಲಬೇಕು, ಯಾವಾಗ ಹಿಂದಿನ ಪುಟಕ್ಕೆ ಮರಳಬೇಕು ಎಂಬುದು ಅವನ ಇಷ್ಟ. ಎತ್ತಿದ ಕೈ ಒಂದು ಚೌಕದಲ್ಲಿ, ಬಿದ್ದ ಮನುಷ್ಯ ಮುಂದಿನದರಲ್ಲಿ. ಏಟು ಬೀಳುವುದು ನಡುವಿನ ಬಿಳಿ ಸಂದಿಯಲ್ಲಿ, ಬೀಳಿಸುವವನು ಓದುಗ. ಸಿನಿಮಾ ಆ ಗಡಿಯಾರವನ್ನು ಕಸಿದುಕೊಳ್ಳುತ್ತದೆ. ಬೇರೆ ದಾರಿಯಿಲ್ಲ. ಕಸಿದುಕೊಂಡದ್ದನ್ನು ಹೇಗೆ ಬಳಸುತ್ತದೆ ಎಂಬಲ್ಲೇ ಈ ಜಾತಿಯ ಚಿತ್ರಗಳ ಗೆಲುವು ಸೋಲು ಅಡಗಿದೆ. ಸ್ನೈಡರ್‌ಗೆ ಹೊಳೆದ ಉಪಾಯ ಸ್ಲೋ ಮೋಷನ್. ಓಡುವ ಶಾಟನ್ನು ಹಿಡಿದು ನಿಲ್ಲಿಸಿ ಮತ್ತೆ ಚೌಕವನ್ನಾಗಿಸುವ ಹಟ ಅದು. ಪುಟ ಯಾವುದನ್ನು ಸಂದಿಯಲ್ಲಿ ಬಚ್ಚಿಟ್ಟಿತ್ತೋ ಅದನ್ನೇ ಅವರು ಹಿಗ್ಗಿಸಿ ತೋರಿಸುತ್ತಾರೆ.

ಇದನ್ನು ಗಮನಿಸಬೇಕಾದ ವಿಮರ್ಶಕರು ಬೇರೆಯದೇ ವ್ಯಾಜ್ಯದಲ್ಲಿ ಮುಳುಗಿದ್ದಾರೆ. ಒಂದು ಬಣದವರಿಗೆ ಇರುವುದು ಒಂದೇ ಪ್ರಶ್ನೆ: ಪುಸ್ತಕದ ಕೊನೆಯಲ್ಲಿ ನ್ಯೂಯಾರ್ಕಿನ ಮೇಲೆ ಬೀಳುವ ದೈತ್ಯ ಸ್ಕ್ವಿಡ್ ಎಲ್ಲಿ? ಅದನ್ನು ಕೈಬಿಟ್ಟು, ನಗರಗಳನ್ನು ನಾಶ ಮಾಡಿದ ಅಪವಾದವನ್ನು ಮ್ಯಾನ್‌ಹ್ಯಾಟನ್ ತಲೆಗೆ ಕಟ್ಟಿದ್ದು ಈ ಚಿತ್ರದ ಏಕೈಕ ಪಾಪವಂತೆ! ನನ್ನನ್ನು ಕೇಳಿದರೆ ಆ ಬದಲಾವಣೆ ಜಾಣತನದ್ದು. ಇವರ ಪ್ರಕಾರ ವಿಮರ್ಶೆಯೆಂದರೆ ಮದುವೆ ಮನೆಯ ಸಾಮಾನು ಪಟ್ಟಿ ತಾಳೆ ನೋಡುವ ಕೆಲಸ. ಡೇಮನ್ ಲಿಂಡೆಲಾಫ್ 2019ರಲ್ಲಿ ಅದೇ ಹೆಸರಿನ ಟೀವಿ ಸರಣಿ ಮಾಡಿದಾಗ ಪುಸ್ತಕದ ಚೌಕಗಳನ್ನು ನಕಲು ಮಾಡುವ ಗೋಜಿಗೇ ಹೋಗದೆ 1921ರ ಟಲ್ಸಾ ಹತ್ಯಾಕಾಂಡದಿಂದ ಶುರುಮಾಡಿದರು. ಮುಖವಾಡ ಹಾಕುವವರ ಮೇಲೆ ಮೂರ್‌ಗಿದ್ದ ಗುಮಾನಿ ಅಲ್ಲಿ ಸ್ನೈಡರ್ ಚಿತ್ರಕ್ಕಿಂತ ಹೆಚ್ಚು ಜೀವಂತವಾಗಿದೆ. ಈ ಜಗಳ ನಮಗೆ ಹೊಸದೇನಲ್ಲ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಬೆಸೆದು ಪುಟ್ಟಣ್ಣ 1972ರಲ್ಲಿ ‘ನಾಗರಹಾವು’ ಮಾಡಿದಾಗ ಕಾದಂಬರಿಕಾರರು ಮೆಚ್ಚಲಿಲ್ಲ, ಚಿತ್ರ ಮಾತ್ರ ಉಳಿಯಿತು.

ಇನ್ನೊಂದು ಬಣ ಗಂಭೀರ ಸಿನಿಮಾದವರದ್ದು. 2019ರಲ್ಲಿ ಮಾರ್ಟಿನ್ ಸ್ಕಾರ್ಸೇಸಿ ಮಾರ್ವೆಲ್ ಚಿತ್ರಗಳನ್ನು ಥೀಮ್ ಪಾರ್ಕಿಗೆ ಹೋಲಿಸಿ, ಅದು ಸಿನಿಮಾ ಅಲ್ಲ ಎಂದದ್ದೇ ತಡ, ಇವರಿಗೆ ನೋಡುವ ಕಷ್ಟವೇ ತಪ್ಪಿತು. ಸ್ಕಾರ್ಸೇಸಿ ಹಾಗೆನ್ನಲು ಅರ್ಧ ಶತಮಾನದ ಕೆಲಸ ಬೆನ್ನಿಗಿದೆ. ಆ ಮಾತನ್ನು ಎರವಲು ತಂದವರ ಬೆನ್ನಿಗೆ ಏನಿದೆ? ಒಂದು ಕಟ್ ಎಲ್ಲಿ ಬಿತ್ತು, ಯಾಕೆ ಬಿತ್ತು ಎಂದು ಕೇಳುವ ತಾಳ್ಮೆ ಅಭಿಮಾನಿಗಳಿಗೂ ಇಲ್ಲ, ಇವರಿಗೂ ಇಲ್ಲ.

ಕೇಳಿದ್ದರೆ ಸ್ಯಾಮ್ ರೈಮಿ ಅವರ ‘ಸ್ಪೈಡರ್‌ಮ್ಯಾನ್ 2’ (2004) ಕಣ್ಣಿಗೆ ಬೀಳುತ್ತಿತ್ತು. ರೈಮಿ ಕೂಡ ಪುಟವನ್ನು ನಕಲು ಮಾಡಿದವರೇ. 1967ರ ಐವತ್ತನೆಯ ಸಂಚಿಕೆಯಲ್ಲಿ ಜಾನ್ ರೊಮಿಟಾ ಬರೆದ ಪ್ರಸಿದ್ಧ ಚಿತ್ರವೊಂದಿದೆ: ಕಸದ ಡಬ್ಬಿಯಿಂದ ಹೊರಗೆ ಜೋತುಬಿದ್ದ ವೇಷ, ಬೆನ್ನು ತಿರುಗಿಸಿ ಗಲ್ಲಿಯಾಚೆ ನಡೆದುಹೋಗುವ ಪೀಟರ್. ಸಿನಿಮಾದಲ್ಲಿ ಆ ಶಾಟ್ ಹೆಚ್ಚುಕಮ್ಮಿ ಹಾಗೆಯೇ ಇದೆ. ಆದರೆ ಅದರ ಬೆನ್ನಿಗೇ ರೈಮಿ ಹಳೆಯದೊಂದು ಲಘು ಹಾಡು ಹಾಕಿ ಪೀಟರ್‌ನನ್ನು ನಗರದಲ್ಲಿ ಅಡ್ಡಾಡಿಸುತ್ತಾರೆ. ಅವನು ತಿನ್ನುತ್ತಾನೆ, ಎಡವುತ್ತಾನೆ, ತರಗತಿಯಲ್ಲಿ ಉತ್ತರ ಹೇಳುತ್ತಾನೆ. ಕೊನೆಗೆ ಅವನ ನಗುಮುಖದ ಮೇಲೆ ಚಿತ್ರ ತಟಕ್ಕನೆ ನಿಂತುಬಿಡುತ್ತದೆ. ಕಾಲ ಇಲ್ಲೇ ನಿಲ್ಲಲಿ ಎಂಬ ಆಸೆ ಪೀಟರ್‌ನದು. ನಿಲ್ಲುವುದಿಲ್ಲ ಎಂಬ ತಿಳಿವಳಿಕೆ ನಮ್ಮದು. ಇಲ್ಲಿ ನಿಂತ ಚಿತ್ರ ಪಾತ್ರದ ಮನಸ್ಸಿನೊಳಗಿನಿಂದ ಬಂದದ್ದು. ‘ಇನ್‌ಟು ದ ಸ್ಪೈಡರ್‌ವರ್ಸ್’ (2018) ಇದೇ ಜಾಡಿನಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಕಲಿಯುತ್ತಿರುವ ಮೈಲ್ಸ್‌ನ ಚಲನೆಗೆ ಸೆಕೆಂಡಿಗೆ 12 ಚಿತ್ರ, ಪಳಗಿದ ಪೀಟರ್‌ಗೆ 24. ಹುಡುಗ ತನ್ನ ಶಕ್ತಿಯನ್ನು ಕೈವಶ ಮಾಡಿಕೊಂಡಂತೆ ಅವನ ಮೈಯ ತೊಡಕೂ ಬಿಡುತ್ತದೆ.

ಸ್ನೈಡರ್‌ಗೆ ಸಲ್ಲಬೇಕಾದದ್ದು ಸಲ್ಲಲಿ. ಬಾಬ್ ಡಿಲನ್ ಹಾಡಿನ ಮೇಲೆ ಸಾಗುವ ಆರಂಭದ ಶೀರ್ಷಿಕೆಗಳು ನಿಜಕ್ಕೂ ಸೊಗಸು. ಅಲ್ಲಿ ಎಲ್ಲರೂ ಫೋಟೋಗೆ ನಿಂತವರು, ಹಾಗಾಗಿ ನಿಧಾನಗತಿಗೆ ಅರ್ಥವಿದೆ. ಜೊತೆಗೆ ಅಲ್ಲಿನ ಬಹುಪಾಲು ಪುಸ್ತಕದ ನಕಲಲ್ಲ. ಮಂಗಳ ಗ್ರಹದ ಅಧ್ಯಾಯ ಅರ್ಧ ಗೆದ್ದಿದೆ. ಪುಸ್ತಕದಲ್ಲಿ ಮ್ಯಾನ್‌ಹ್ಯಾಟನ್‌ನ ಕೈಯಲ್ಲಿರುವ ಫೋಟೋ, ಮರಳಿನ ಮೇಲೆ ಆಗಲೇ ಬಿದ್ದಿರುವ ಅದೇ ಫೋಟೋ ಒಂದೇ ಪುಟದಲ್ಲಿ ಕಾಣುತ್ತವೆ. ಎಲ್ಲ ಕಾಲವನ್ನೂ ಒಟ್ಟಿಗೆ ಕಾಣುವ ಅವನ ಕಣ್ಣನ್ನು ಪುಟವೇ ಓದುಗನಿಗೆ ಕೊಡುತ್ತದೆ. ಸಿನಿಮಾದಲ್ಲಿ ಅದನ್ನು ಹಿನ್ನೆಲೆಯ ದನಿ ಹೇಳಿ ತಿಳಿಸಬೇಕಾಗುತ್ತದೆ, ಉಳಿದದ್ದನ್ನು ಫಿಲಿಪ್ ಗ್ಲಾಸ್ ಸಂಗೀತ ಹೊರುತ್ತದೆ.

ಲೆಕ್ಕ ಚುಕ್ತಾ ಆಗುವುದು ಹನ್ನೆರಡನೆಯ ಸಂಚಿಕೆಯಲ್ಲಿ. ಹನ್ನೊಂದು ಸಂಚಿಕೆಗಳ ಉದ್ದಕ್ಕೂ ಗಿಬ್ಬನ್ಸ್ ಪುಟವನ್ನು ಒಂಬತ್ತು ಚೌಕಗಳ ಜಾಲರಿಯಲ್ಲಿ ಬಿಗಿದಿಟ್ಟಿದ್ದಾರೆ. ಆಗಾಗ ಎರಡು ಮೂರು ಚೌಕ ಕೂಡಿಕೊಂಡರೂ ತಾಳ ತಪ್ಪುವುದಿಲ್ಲ. ಹನ್ನೆರಡನೆಯದು ತೆರೆದರೆ ಒಂದರ ಹಿಂದೆ ಒಂದು ಆರು ಪುಟ, ಪ್ರತಿ ಪುಟಕ್ಕೂ ಒಂದೇ ಚಿತ್ರ. ಬೀದಿ ತುಂಬ ಹೆಣ. ಅಷ್ಟು ದಿನ ಮೂಲೆಯಲ್ಲಿ ಪತ್ರಿಕೆ ಮಾರುತ್ತಿದ್ದವನು, ಪಕ್ಕದಲ್ಲಿ ಕೂತು ಕಾಮಿಕ್ಸ್ ಓದುತ್ತಿದ್ದ ಹುಡುಗ, ಎಲ್ಲರೂ ನಮ್ಮ ಪರಿಚಯದವರೇ. ಗಡಿಯಾರ ಇನ್ನೂ ಓದುಗನ ಕೈಯಲ್ಲೇ ಇದ್ದರೂ ಪುಟ ತಿರುವಲು ಕೈ ಬರುವುದಿಲ್ಲ. ಇಡೀ ಕೃತಿಯಲ್ಲಿ ನಿಧಾನಗತಿಗೆ ನ್ಯಾಯವಾದ ಜಾಗ ಒಂದಿದ್ದರೆ ಅದು ಇದು. ಸ್ನೈಡರ್ ಇಲ್ಲಿ ನಿಲ್ಲುವುದೇ ಇಲ್ಲ. ನೀಲಿ ಬೆಳಕು ಹಬ್ಬುತ್ತದೆ, ಮೈಗಳು ಆವಿಯಾಗುತ್ತವೆ, ದೊಡ್ಡದೊಂದು ಗುಂಡಿ ಉಳಿಯುತ್ತದೆ. ಒಂದು ಹೆಣವೂ ಇಲ್ಲ. ಎರಡೂವರೆ ಗಂಟೆಯ ಕಾಲ ಪ್ರತಿ ಮುಷ್ಟಿಗೂ ನಿಂತು ನಮಸ್ಕಾರ ಹಾಕಿದ ಕ್ಯಾಮೆರಾ ಸತ್ತವರ ಮುಂದೆ ಅವಸರ ಮಾಡುತ್ತದೆ.

ಥಿಯೇಟರಿನ 162 ನಿಮಿಷಗಳ ಪ್ರತಿಯನ್ನು ನೋಡಿ ತೀರ್ಪು ಕೊಡಬೇಡಿ, 215 ನಿಮಿಷಗಳ ‘ಅಲ್ಟಿಮೇಟ್ ಕಟ್’ ನೋಡಿ ಎನ್ನುತ್ತಾರೆ ಅಭಿಮಾನಿಗಳು. ಪತ್ರಿಕೆ ಮಾರುವವನಿಗೂ ಹುಡುಗನಿಗೂ ಅದರಲ್ಲಿ ಹೆಚ್ಚು ಜಾಗ ಸಿಕ್ಕಿದೆ, ಹುಡುಗ ಓದುವ ಕಡಲ್ಗಳ್ಳರ ಕಥೆಯೂ ಅನಿಮೇಷನ್ ಆಗಿ ಬಂದಿದೆ. ಸಾಮಾನು ಪಟ್ಟಿ ಇನ್ನಷ್ಟು ಭರ್ತಿಯಾಗಿದೆ. ಆದರೆ ಗಲ್ಲಿಯಲ್ಲಿ ಆ ತೋಳು ಅಲ್ಲೂ ಹಾಗೆಯೇ ಮುರಿಯುತ್ತದೆ, ನ್ಯೂಯಾರ್ಕಿನ ಬೀದಿಯಲ್ಲಿ ಹೆಣಗಳು ಅಲ್ಲೂ ಇಲ್ಲ.